4,256 ಚೆಂಡುಗಳ ಗೋಡೆ: ಸಿನ್ಸಿನಾಟಿಯ ರೆಡ್ಸ್ ಮ್ಯೂಸಿಯಂನಲ್ಲಿ ಪೀಟ್ ರೋಸ್

ಸಿನ್ಸಿನಾಟಿ ನಗರದಲ್ಲಿ ಓಹಾಯೋ ನದಿಯ ದಂಡೆಯ ಮೇಲಿರುವ ಗ್ರೇಟ್ ಅಮೆರಿಕನ್ ಬಾಲ್ ಪಾರ್ಕ್ ಎಂಬ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಅಂಟಿಕೊಂಡಂತೆ ಊರಿನ ಬೇಸ್‌ಬಾಲ್ ತಂಡವಾದ ರೆಡ್ಸ್‌ನ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರ ಗೌರವಶಾಲೆ) ಮತ್ತು ಮ್ಯೂಸಿಯಂ ಇದೆ. 2004ರಲ್ಲಿ ಬಾಗಿಲು ತೆರೆದ ಈ ಮ್ಯೂಸಿಯಂನ ಮೆಟ್ಟಿಲುಗಳ ಪಕ್ಕದಲ್ಲಿ ಮೂರು ಅಂತಸ್ತಿನ ಎತ್ತರಕ್ಕೆ ಒಂದು ಗೋಡೆ ಏರಿ ನಿಂತಿದೆ. ಆ ಗೋಡೆಯ ತುಂಬ ಚೆಂಡುಗಳು, ಒಟ್ಟು 4,256. ಈ ತಂಡದ ಖ್ಯಾತ ಆಟಗಾರ ಪೀಟ್ ರೋಸ್ ತಮ್ಮ ಇಪ್ಪತ್ತನಾಲ್ಕು ವರ್ಷಗಳ ವೃತ್ತಿಜೀವನದಲ್ಲಿ ಗಳಿಸಿದ ಹಿಟ್‌ಗಳ ಸಂಖ್ಯೆ ಅದು. ಅವರೇ ಹೊಡೆದ ಚೆಂಡುಗಳಲ್ಲ ಇವು. ಒಂದು ಹಿಟ್‌ಗೆ ಒಂದರಂತೆ ಲೆಕ್ಕಕ್ಕಾಗಿ ಜೋಡಿಸಿಟ್ಟವು. ಬೇಸ್‌ಬಾಲ್ ಬಗ್ಗೆ ಎಷ್ಟೋ ಓದಿದ್ದರೂ ಆ ಸಂಖ್ಯೆ ಎಷ್ಟು ದೊಡ್ಡದೆಂದು ನನಗೆ ಮನದಟ್ಟಾದದ್ದು ಆ ಗೋಡೆಯ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದಾಗಲೇ.

ನಾವು ಸಿನ್ಸಿನಾಟಿಯಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಡೇಟನ್‌ನಲ್ಲಿ ನೆಲೆಸಿದ್ದೇವೆ. 2025ರ ಜುಲೈನಲ್ಲಿ, ಊರಿನಿಂದ ಬಂದಿದ್ದ ಅಪ್ಪನನ್ನೂ ಹನ್ನೆರಡು ವರ್ಷದ ಮಗಳನ್ನೂ ಕರೆದುಕೊಂಡು ಈ ಮ್ಯೂಸಿಯಂಗೆ ಹೋದೆವು. ಅಪ್ಪ ಭದ್ರಾವತಿಯವರು, ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಮ್ಮೂರಿನಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಆಟವೇ ಆಟ ಎಂದು ನಂಬಿದವರು. ಮಗಳು ಶಾಲೆಯ ಗೆಳತಿಯರ ಜೊತೆ ಸಾಫ್ಟ್‌ಬಾಲ್ ಆಡುತ್ತಾಳೆ. ಆದ್ದರಿಂದ ಅಂದು ಅಜ್ಜನಿಗೆ ಆಟದ ನಿಯಮ ಹೇಳಿಕೊಡುವ ಕೆಲಸ ಅವಳ ಪಾಲಿಗೆ ಬಂತು. ಪೀಟ್ ರೋಸ್ ಅವರು 2024ರ ಸೆಪ್ಟೆಂಬರ್ 30ರಂದು ಲಾಸ್ ವೇಗಸ್‌ನಲ್ಲಿ ತಮ್ಮ 83ನೆಯ ವಯಸ್ಸಿನಲ್ಲಿ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. ಇಷ್ಟು ಪ್ರತಿಭೆಯಿದ್ದ, ಇಷ್ಟು ಕಳಂಕವೂ ಇದ್ದ ಒಬ್ಬ ಮನುಷ್ಯನನ್ನು ಅವರು ಹುಟ್ಟಿ ಬೆಳೆದ ಊರು ಹೇಗೆ ನೆನೆಯುತ್ತಿದೆ ಎಂಬುದನ್ನು ನೋಡಬೇಕೆಂಬುದೇ ನನ್ನ ಮುಖ್ಯ ಉದ್ದೇಶವಾಗಿತ್ತು. ಮ್ಯೂಸಿಯಂನಲ್ಲಿ 1975, 1976 ಮತ್ತು 1990ರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್‌ನ ವರ್ಷದ ಅಂತಿಮ ಸರಣಿ) ಟ್ರೋಫಿಗಳಿವೆ, ತಂಡದ ಹಿರಿಯ ಆಟಗಾರರ ಫಲಕಗಳಿವೆ; ಅವನ್ನೆಲ್ಲ ನೋಡಿ ಸಂತೋಷಪಟ್ಟೆವು. ಈ ಬರಹ ಮಾತ್ರ ಆ ಗೋಡೆಯ ಕುರಿತದ್ದು, ಆ ಗೋಡೆಯ ಹಿಂದಿರುವ ಮನುಷ್ಯನ ಕುರಿತದ್ದು.

ಗೋಡೆಯ ಮುಂದೆ ನಿಂತ ಅಪ್ಪ ಮೊದಲು ಕೇಳಿದ್ದು, "ಇಷ್ಟೂ ಚೆಂಡು ಬೌಂಡರಿ ದಾಟಿದವಾ?" ಎಂದು. ಮಗಳು ನಕ್ಕು, "ಇಲ್ಲ ಅಜ್ಜಾ, ಹೊಡೆದು ಓಡಿ ಮೊದಲನೇ ಬೇಸ್ ಮುಟ್ಟಿದರೂ ಸಾಕು, ಅದು ಹಿಟ್" ಎಂದಳು. ಅವಳು ಹೇಳಿದ್ದು ಸರಿಯೇ. ಪಿಚರ್ ಎಸೆದ ಚೆಂಡನ್ನು ಹೊಡೆದು, ಕ್ಷೇತ್ರರಕ್ಷಕರ ತಪ್ಪಿನ ನೆರವಿಲ್ಲದೆ, ಔಟಾಗದೆ ಕನಿಷ್ಠ ಒಂದು ಬೇಸ್ (ಬ್ಯಾಟರ್ ಓಡಿ ಮುಟ್ಟಬೇಕಾದ ನೆಲೆ) ತಲುಪಿದರೆ ಅದು ಒಂದು ಹಿಟ್. ಹತ್ತು ಸಲ ಬ್ಯಾಟ್ ಬೀಸಲು ನಿಂತವನು ಮೂರು ಸಲ ಹೀಗೆ ತಲುಪಿದರೆ ಅವನನ್ನು ಉತ್ತಮ ಬ್ಯಾಟರ್ ಎನ್ನುತ್ತಾರೆ. ರೋಸ್ ಅವರ 4,256 ಹಿಟ್‌ಗಳಲ್ಲಿ ಮೈದಾನದಾಚೆ ಹಾರಿದ ಹೋಮ್ ರನ್‌ಗಳು 160 ಮಾತ್ರ. ಒಂದೇ ಬೇಸ್ ತಲುಪಿಸಿದ ಸಿಂಗಲ್‌ಗಳು 3,215. ಅಂದರೆ ಈ ಗೋಡೆಯ ಮುಕ್ಕಾಲು ಭಾಗ ಕಟ್ಟಿದ್ದು ಸಿಂಗಲ್‌ಗಳಿಂದ. ಒಬ್ಬ ಆಟಗಾರ ವರ್ಷಕ್ಕೆ 200ರಂತೆ ಇಪ್ಪತ್ತೊಂದು ವರ್ಷ ಎಡೆಬಿಡದೆ ಹಿಟ್ ಗಳಿಸಿದರೂ ಈ ಗೋಡೆಯಲ್ಲಿ 56 ಚೆಂಡುಗಳ ಜಾಗ ಖಾಲಿಯೇ ಉಳಿಯುತ್ತದೆ. ಈ ಲೆಕ್ಕ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ತೋಳಿನ ಬಲ ಅಲ್ಲ, ಇದು ಹಟ" ಎಂದರು. ಆ ಮನುಷ್ಯನನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹಿಡಿದಿಡಲಾರರು.

ಚೆಂಡಿನ ಕೆಂಪು ಹೊಲಿಗೆಯನ್ನು ಹತ್ತಿರದಿಂದ ನೋಡುತ್ತಿದ್ದ ಮಗಳು ಅಜ್ಜನಿಗೆ ಇನ್ನೊಂದು ವಿಷಯ ಹೇಳಿದಳು. ಪ್ರತಿಯೊಂದು ಬೇಸ್‌ಬಾಲ್‌ಗೂ 108 ಜೋಡಿ ಹೊಲಿಗೆಗಳಿರುತ್ತವೆ. ಚರ್ಮದ ಎರಡು ತುಂಡುಗಳನ್ನು ಕೆಂಪು ದಾರದಿಂದ ಕೈಯಲ್ಲೇ ಹೊಲಿಯುತ್ತಾರೆ. "ಅಷ್ಟೋತ್ತರ!" ಎಂದು ಅಪ್ಪನ ಮುಖ ಅರಳಿತು. ಅಲ್ಲಿಂದ ಮುಂದೆ ಅವರು ಆ ಚೆಂಡುಗಳನ್ನು ನೋಡಿದ ರೀತಿಯೇ ಬೇರೆಯಾಯಿತು. ಸ್ಪಾರ್ಕಿ ಆ್ಯಂಡರ್ಸನ್ ಅವರ ಉಸ್ತುವಾರಿಯಲ್ಲಿ 1975ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ರೆಡ್ಸ್ ತಂಡ ಆ ವರ್ಷದ ಲೀಗ್ ಹಂತದಲ್ಲಿ ಗೆದ್ದ ಪಂದ್ಯಗಳೂ 108 ಎಂದು ನಾನು ಹೇಳಿದಾಗಲಂತೂ ಅವರ ಹಿಗ್ಗಿಗೆ ಮಿತಿಯಿರಲಿಲ್ಲ.

ರೋಸ್ ಹುಟ್ಟಿದ್ದು 1941ರ ಏಪ್ರಿಲ್ 14ರಂದು, ಇದೇ ಸಿನ್ಸಿನಾಟಿಯಲ್ಲಿ. ತಂದೆ ಬ್ಯಾಂಕಿನಲ್ಲಿ ನೌಕರರಾಗಿದ್ದು, ಬಿಡುವಿನ ದಿನಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದವರು. ಮಗನಿಗೆ ಎಡಗೈ ಬಲಗೈ ಎರಡರಲ್ಲೂ ಬ್ಯಾಟ್ ಹಿಡಿಯುವುದನ್ನು ಚಿಕ್ಕಂದಿನಿಂದಲೇ ರೂಢಿಸಿದವರೂ ಅವರೇ. 1963ರಲ್ಲಿ ರೋಸ್ ಊರಿನ ತಂಡದ ಪರವಾಗಿಯೇ ಕಣಕ್ಕಿಳಿದು ಆ ವರ್ಷದ ಅತ್ಯುತ್ತಮ ಹೊಸ ಆಟಗಾರನೆನಿಸಿಕೊಂಡರು. ಬೇಸ್‌ಬಾಲ್‌ನಲ್ಲಿ ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಬ್ಯಾಟರ್ ಆರಾಮವಾಗಿ ನಡೆದು ಮೊದಲನೆಯ ಬೇಸ್‌ಗೆ ಹೋಗಬಹುದು. ಅದಕ್ಕೆ ಹೆಸರೇ ವಾಕ್. ರೋಸ್ ಆಗಲೂ ಓಡುತ್ತಿದ್ದರು. ಅದನ್ನು ಕಂಡು ನ್ಯೂಯಾರ್ಕ್ ಯಾಂಕೀಸ್ ತಂಡದ ಖ್ಯಾತ ಆಟಗಾರರಾದ ಮಿಕ್ಕಿ ಮ್ಯಾಂಟಲ್ ಮತ್ತು ವೈಟಿ ಫೋರ್ಡ್ ಗೇಲಿಗಾಗಿ ಇಟ್ಟ 'ಚಾರ್ಲಿ ಹಸಲ್' ಎಂಬ ಅಡ್ಡಹೆಸರನ್ನು ಅವರು ಬಿರುದಿನಂತೆ ಧರಿಸಿ ಕೊನೆಯವರೆಗೂ ಹೊತ್ತರು. 1968, 1969 ಮತ್ತು 1973ರಲ್ಲಿ ಲೀಗಿನ ಅತ್ಯಧಿಕ ಬ್ಯಾಟಿಂಗ್ ಸರಾಸರಿ ಅವರದಾಗಿತ್ತು. 1978ರಲ್ಲಿ ಸತತ 44 ಪಂದ್ಯಗಳಲ್ಲಿ ಹಿಟ್ ಗಳಿಸಿದರು. ನನಗೆ ಇವೆಲ್ಲಕ್ಕಿಂತ ದೊಡ್ಡದೆಂದು ತೋರುವುದು ಬೇರೆಯೇ ಒಂದು ಸಂಗತಿ. ಅವರು ಕ್ಷೇತ್ರರಕ್ಷಣೆಯ ಐದು ಬೇರೆ ಬೇರೆ ಸ್ಥಾನಗಳಲ್ಲಿ ತಲಾ 500ಕ್ಕೂ ಹೆಚ್ಚು ಪಂದ್ಯ ಆಡಿದ ಏಕೈಕ ಆಟಗಾರ. 1975ರ ಮೇ ತಿಂಗಳಲ್ಲಿ, ಜಾರ್ಜ್ ಫಾಸ್ಟರ್ ಎಂಬ ಯುವ ಆಟಗಾರನಿಗೆ ಜಾಗ ಮಾಡಿಕೊಡಬೇಕಾಗಿದೆ, ಮೂರನೆಯ ಬೇಸ್‌ಗೆ ಹೋಗುತ್ತೀಯಾ ಎಂದು ತಂಡವನ್ನು ಆಡಿಸುವ ಮ್ಯಾನೇಜರ್ ಆ್ಯಂಡರ್ಸನ್ ಕೇಳಿದಾಗ, ಆ ಹೊತ್ತಿಗಾಗಲೇ ತಾರೆಯಾಗಿದ್ದ ಈ ಮನುಷ್ಯ ತನಗೆ ಅಷ್ಟೇನೂ ಒಗ್ಗದ ಆ ಸ್ಥಾನಕ್ಕೆ ಹೋಗಿ ನಿಂತರು. ಗೆದ್ದ 108 ಪಂದ್ಯಗಳಲ್ಲಿ, ಆ ವರ್ಷದ ಟ್ರೋಫಿಯಲ್ಲಿ ಈ ಒಪ್ಪಿಗೆಯ ಪಾಲೂ ಇದೆ.

ಮೆಟ್ಟಿಲು ಹತ್ತುತ್ತ ಹೋದಂತೆ ಕಿಟಕಿಯೊಂದು ಎದುರಾಗುತ್ತದೆ. ಅದರಾಚೆ ಕಾಣುವುದು ಗುಲಾಬಿ ತೋಟ. ಎಲ್ಲ ಕೆಂಪು ಗುಲಾಬಿಗಳ ನಡುವೆ ಒಂದೇ ಒಂದು ಬಿಳಿ ಗುಲಾಬಿಯ ಗಿಡ. ರೋಸ್ ಆಡುತ್ತಿದ್ದ ಕಾಲದ ರಿವರ್‌ಫ್ರಂಟ್ ಕ್ರೀಡಾಂಗಣವನ್ನು 2002ರಲ್ಲಿ ಕೆಡವಿದರು. ಆದರೆ 1985ರ ಸೆಪ್ಟೆಂಬರ್ 11ರ ರಾತ್ರಿ ಅವರ 4,192ನೆಯ ಹಿಟ್‌ನ ಚೆಂಡು ಎಲ್ಲಿ ನೆಲ ಮುಟ್ಟಿತ್ತೋ ಆ ಜಾಗದ ಲೆಕ್ಕ ಹಿಡಿದು ಅಲ್ಲಿ ಈ ಗಿಡ ನೆಟ್ಟಿದ್ದಾರೆ. ಟೈ ಕಾಬ್ ಅವರು 1928ರಲ್ಲಿ ಆಟ ನಿಲ್ಲಿಸಿದಾಗ ಉಳಿಸಿಹೋಗಿದ್ದ 4,191ರ ದಾಖಲೆ ಅಂದು ಮುರಿಯಿತು. ಎದುರಾಳಿ ಸ್ಯಾನ್ ಡಿಯಾಗೋ ತಂಡದ ಪಿಚರ್ ಎರಿಕ್ ಶೋ. ಏಳು ನಿಮಿಷ ನಿಲ್ಲದ ಚಪ್ಪಾಳೆ. 44 ವರ್ಷದ ರೋಸ್ ಮೊದಲನೆಯ ಬೇಸ್ ಮೇಲೆ ಮಾಡಲು ಏನೂ ತೋಚದೆ ನಿಂತಿದ್ದರು, ಕಣ್ಣಲ್ಲಿ ನೀರು ತುಂಬಿತು, ಮಗ ಓಡಿ ಬಂದ, ಅವನನ್ನು ಅಪ್ಪಿಕೊಂಡು ಅತ್ತರು. ಆಕಾಶದತ್ತ ನೋಡಿದಾಗ ತೀರಿಹೋದ ತಂದೆ ಕಂಡರೆಂದು ಆಮೇಲೆ ಹೇಳಿಕೊಂಡರು. ಕಿಟಕಿಯ ಬಳಿ ನಿಂತಿದ್ದ, ಕೆಂಪು ಟೋಪಿ ಧರಿಸಿದ ಒಬ್ಬ ವೃದ್ಧರು ಅಪ್ಪನತ್ತ ತಿರುಗಿ, ತಾವು ಆ ರಾತ್ರಿ ಕ್ರೀಡಾಂಗಣದಲ್ಲಿದ್ದುದಾಗಿ ಹೇಳಿ, ಬಿಳಿ ಗಿಡದ ಕಡೆ ಬೆರಳು ತೋರಿದರು. ಮಗಳು ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಅಪ್ಪನಿಗೆ ಅರ್ಥವಾಗಿತ್ತು. ಇಬ್ಬರೂ ಭಾಷೆಯ ಹಂಗಿಲ್ಲದೆ ಬಹಳ ಹೊತ್ತು ಜೊತೆಯಾಗಿ ಆ ಗಿಡವನ್ನು ನೋಡುತ್ತ ನಿಂತರು.

ಈ ಮ್ಯೂಸಿಯಂನ ಅತ್ಯಂತ ಒಳ್ಳೆಯ ಗುಣ ಇದೇ ಎಂದು ನನಗನ್ನಿಸುತ್ತದೆ. ದೊಡ್ಡ ದೊಡ್ಡ ಪರದೆಗಳಿಂದ, ಗದ್ದಲದಿಂದ ಹೇಳಬಹುದಾಗಿದ್ದ ಕಥೆಯನ್ನು ಒಂದು ಗೋಡೆ, ಒಂದು ಕಿಟಕಿ, ಒಂದು ಗಿಡ ಇಷ್ಟರಲ್ಲಿ ಹೇಳಿ ಮುಗಿಸಿದ್ದಾರೆ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಜೂಜಿಗಾಗಿ ಬಿದ್ದ ನಿಷೇಧದ ಕಾರಣ (ಅದರ ಕಥೆ ಮುಂದಿದೆ) ರೋಸ್ ಅವರನ್ನು ರೆಡ್ಸ್ ತಂಡ ತನ್ನದೇ ಹಾಲ್ ಆಫ್ ಫೇಮ್‌ಗೆ ವಿಧಿವತ್ತಾಗಿ ಸೇರಿಸಿಕೊಳ್ಳಲು ಸಾಧ್ಯವಾದದ್ದು 2016ರಲ್ಲಿ. ಅವರ 14ನೆಯ ಸಂಖ್ಯೆಯ ಅಂಗಿಯನ್ನು ಇನ್ನು ಯಾರೂ ತೊಡದಂತೆ ಮೀಸಲಿಟ್ಟದ್ದೂ ಆ ವರ್ಷವೇ. ಆದರೆ ಗೋಡೆ ಅದಕ್ಕಿಂತ ಮೊದಲೇ ಇತ್ತು. ಹೆಸರು ಬರೆಯಲು ಅಪ್ಪಣೆಯಿಲ್ಲದಿದ್ದಾಗ ಊರಿನವರು ಹಿಟ್‌ಗಳನ್ನು ಎಣಿಸಿಟ್ಟರು.

ಮ್ಯೂಸಿಯಂನಿಂದ ಹೊರಬಂದು ಕ್ರೀಡಾಂಗಣದ ಮುಂದಿನ ಅಂಗಳಕ್ಕೆ ಹೋದರೆ, 2017ರಲ್ಲಿ ಸ್ಥಾಪಿಸಿದ ರೋಸ್ ಅವರ ಕಂಚಿನ ಪ್ರತಿಮೆ ಕಾಣುತ್ತದೆ. ಎಲ್ಲ ಆಟಗಾರರ ಪ್ರತಿಮೆಗಳೂ ನೆಲದ ಮೇಲೆ ಕಾಲೂರಿದ್ದರೆ, ಇವರದು ಗಾಳಿಯಲ್ಲಿ ಅಡ್ಡಡ್ಡ ತೇಲುತ್ತಿದೆ: ಎರಡೂ ಕೈ ಮುಂದೆ ಚಾಚಿ, ತಲೆ ಮುಂದಾಗಿ ಬೇಸ್‌ನತ್ತ ಹಾರುತ್ತಿರುವ ಭಂಗಿ. ಮಗಳು ಪ್ರತಿಮೆಯ ಕೆಳಗೆ ನಿಂತು ಕೈ ಚಾಚಿ ನೋಡಿದಳು. ಅವಳ ವಯಸ್ಸಿನವರ ಲೀಗಿನಲ್ಲಿ ಹೀಗೆ ತಲೆ ಮುಂದಾಗಿ ಜಾರುವುದಕ್ಕೆ ಅನುಮತಿಯಿಲ್ಲ, ಪೆಟ್ಟಾಗುತ್ತದೆಂದು. "ಇವರು ಪೆಟ್ಟು ಮಾಡಿಕೊಳ್ಳಲಿಲ್ಲವಾ?" ಎಂದು ಕೇಳಿದಳು. ಇನ್ನೊಬ್ಬರಿಗೆ ಆದ ಪೆಟ್ಟಿನ ಕಥೆಯನ್ನು ಅಲ್ಲಿಯೇ ಹೇಳಬೇಕಾಯಿತು.

1970ರ ಜುಲೈ 14ರಂದು ಈ ಊರಿನಲ್ಲಿಯೇ ಆಲ್-ಸ್ಟಾರ್ ಪಂದ್ಯ ನಡೆಯಿತು. ಎರಡು ಲೀಗುಗಳ ಉತ್ತಮ ಆಟಗಾರರು ಪ್ರೇಕ್ಷಕರ ಸಂತೋಷಕ್ಕಾಗಿ ಆಡುವ ಪಂದ್ಯ ಅದು. ಹನ್ನೆರಡನೆಯ ಇನ್ನಿಂಗ್ಸ್‌ನಲ್ಲಿ ಗೆಲುವಿನ ಓಟಕ್ಕಾಗಿ, ಓಟ ಪೂರ್ತಿಯಾಗುವ ಹೋಮ್ ಪ್ಲೇಟ್ ಕಡೆ ಧಾವಿಸಿದ ರೋಸ್, ಚೆಂಡಿಗಾಗಿ ಕಾಯುತ್ತ ದಾರಿಯಲ್ಲಿ ನಿಂತಿದ್ದ ಎದುರಾಳಿ ಕ್ಯಾಚರ್ (ವಿಕೆಟ್ ಕೀಪರ್‌ನಂಥವರು) ರೇ ಫಾಸಿ ಅವರನ್ನು ಭುಜದಿಂದ ಗುದ್ದಿ ಕೆಡವಿದರು. 23 ವರ್ಷದ ಫಾಸಿ ಅವರ ಭುಜದ ಮೂಳೆ ಮುರಿದು ಕೀಲು ಸರಿದಿತ್ತು. ಅದು ಪತ್ತೆಯಾದದ್ದು ಎಷ್ಟೋ ತಿಂಗಳ ಮೇಲೆ. ಆ ವರ್ಷ ಅದಕ್ಕೆ ಮೊದಲು 16 ಹೋಮ್ ರನ್ ಹೊಡೆದಿದ್ದ ಆ ಹುಡುಗ ಆಮೇಲೆ ಎರಡನ್ನಷ್ಟೇ ಹೊಡೆಯಲು ಸಾಧ್ಯವಾಯಿತು. ಅಂದಿನ ನಿಯಮದ ಪ್ರಕಾರ ರೋಸ್ ಮಾಡಿದ್ದು ತಪ್ಪಲ್ಲ. ಕ್ಯಾಚರ್‌ಗೆ ಬೇಕೆಂದೇ ಡಿಕ್ಕಿ ಹೊಡೆಯುವುದನ್ನು ನಿಷೇಧಿಸಿದ್ದು 2014ರಲ್ಲಿ. ಗೆಲ್ಲಲು ಆಡಿದೆ ಎಂದೇ ರೋಸ್ ಹೇಳುತ್ತ ಬಂದರು. ಇದನ್ನು ಕೇಳಿದ ಅಪ್ಪ, 1980ರಲ್ಲಿ ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಅಂಪೈರ್ ಔಟೆಂದು ಬೆರಳೆತ್ತಿದ ಮೇಲೂ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ನಾಯಕ ವಿಶ್ವನಾಥ್ ಮರಳಿ ಕರೆದು ಆಡಿಸಿದ್ದನ್ನು ನೆನಪಿಸಿಕೊಂಡರು. ಆ ಪಂದ್ಯವನ್ನು ಭಾರತ ಸೋತಿತು. "ಸೋತರೂ ನಮಗೆ ನಾಚಿಕೆ ಆಗಲಿಲ್ಲ" ಎಂದರು ಅಪ್ಪ. ಮೊಮ್ಮಗಳು, "ಆದರೆ ಅಜ್ಜಾ, ಇವರು ಓಡದಿದ್ದರೆ ಅದೂ ತಪ್ಪಲ್ಲವಾ?" ಎಂದಳು. ನನಗೆ ಇಬ್ಬರ ಮಾತೂ ಸರಿಯೆನಿಸಿತು. ವಾಕ್ ಸಿಕ್ಕಾಗಲೂ ಓಡಿದ ಹಟ ಹಾಗೂ ಫಾಸಿ ಅವರ ಭುಜ ಮುರಿದ ಹಟ ಬೇರೆ ಬೇರೆಯಲ್ಲ, ಒಂದೇ.

ಇನ್ನು ಜೂಜಿನ ವಿಚಾರ. ಇದನ್ನು ಅರಿಯಲು 1919ಕ್ಕೆ ಹೋಗಬೇಕು. ಆ ವರ್ಷದ ವರ್ಲ್ಡ್ ಸೀರೀಸ್ ಗೆದ್ದದ್ದು ಇದೇ ಸಿನ್ಸಿನಾಟಿ ರೆಡ್ಸ್. ಎದುರಾಳಿ ಚಿಕಾಗೋ ವೈಟ್ ಸಾಕ್ಸ್ ತಂಡದ ಎಂಟು ಆಟಗಾರರು ಜೂಜುಕೋರರೊಂದಿಗೆ ಸೇರಿ ಸೋಲಲು ಸಂಚು ಹೂಡಿದ್ದರೆಂಬ ಹಗರಣ ಹೊರಬಿದ್ದು, 1921ರಲ್ಲಿ ಅವರೆಲ್ಲರಿಗೂ ಆಜೀವ ನಿಷೇಧವಾಯಿತು. ಆ ಗಾಯದಿಂದಲೇ ಬೇಸ್‌ಬಾಲ್ ತನ್ನ ಅತಿ ಕಠಿಣ ನಿಯಮವನ್ನು ಕಟ್ಟಿಕೊಂಡಿತು: ತಾನು ಭಾಗಿಯಾದ ಪಂದ್ಯದ ಮೇಲೆ ಬಾಜಿ ಕಟ್ಟಿದವನಿಗೆ ಶಾಶ್ವತ ಬಹಿಷ್ಕಾರ. ಈ ನಿಯಮವನ್ನು ಪ್ರತಿಯೊಂದು ತಂಡದ ಡ್ರೆಸ್ಸಿಂಗ್ ರೂಮಿನ ಗೋಡೆಗೂ ಅಂಟಿಸಿರುತ್ತಾರೆ. ಅದರ ಮುಂದೆಯೇ ರೋಸ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಂಗಿ ಬದಲಿಸಿದರು. 1989ರಲ್ಲಿ ವಕೀಲ ಜಾನ್ ಡೌಡ್ ಸಲ್ಲಿಸಿದ 225 ಪುಟಗಳ ವರದಿ, ರೆಡ್ಸ್ ತಂಡದ ಮ್ಯಾನೇಜರ್ ಆಗಿದ್ದ ರೋಸ್ 1987ರಲ್ಲಿ ತಮ್ಮದೇ ತಂಡದ 52 ಪಂದ್ಯಗಳ ಮೇಲೆ ಬಾಜಿ ಕಟ್ಟಿದ್ದನ್ನು ದಿನದಿನದ ಲೆಕ್ಕದೊಂದಿಗೆ ಮುಂದಿಟ್ಟಿತು. ಆಗಸ್ಟ್ 24ರಂದು ಅವರು ಶಾಶ್ವತ ನಿಷೇಧಕ್ಕೆ ಸಹಿ ಹಾಕಿದರು. ನಿಷೇಧ ವಿಧಿಸಿದ, ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ ಕಮಿಷನರ್ ಬಾರ್ಟ್ ಜಿಯಮಾಟಿ ಎಂಟೇ ದಿನಗಳಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಆದಾಯ ತೆರಿಗೆಯ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ರೋಸ್ ಐದು ತಿಂಗಳು ಜೈಲಿನಲ್ಲಿದ್ದರು. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ರಾಷ್ಟ್ರೀಯ ಹಾಲ್ ಆಫ್ ಫೇಮ್, ನಿಷೇಧಿತರ ಹೆಸರು ಆಯ್ಕೆಯ ಮತಪತ್ರದಲ್ಲಿಯೇ ಇರಕೂಡದೆಂದು ನಿಯಮ ಮಾಡಿತು.

ರೋಸ್ ತಮ್ಮ ತಂಡ ಗೆಲ್ಲುತ್ತದೆಂದೇ ಬಾಜಿ ಕಟ್ಟಿದರು. ಸೋಲುತ್ತದೆಂದು ಕಟ್ಟಿದ್ದಕ್ಕೆ ಪುರಾವೆ ದೊರೆತಿಲ್ಲ. ಹಾಗಿದ್ದರೆ ತಪ್ಪೇನು ಎಂದು ಅಪ್ಪನೂ ಕೇಳಿದರು. ತಂಡದ ಮ್ಯಾನೇಜರ್ ಇಂದಿನ ಪಂದ್ಯದ ಮೇಲೆ ಹಣ ಹೂಡಿದ್ದರೆ, ನಾಳೆಗೆಂದು ವಿಶ್ರಾಂತಿ ಕೊಡಬೇಕಾದ ಪಿಚರ್‌ನನ್ನು ಇಂದೇ ದಣಿಸುವ ಆಸೆ ಬರುತ್ತದೆ. ಅವನು ಬಾಜಿ ಕಟ್ಟದ ದಿನ, ಇಂದು ಇವನಿಗೇ ತನ್ನ ತಂಡದ ಮೇಲೆ ನಂಬಿಕೆಯಿಲ್ಲ ಎಂಬ ಸುಳಿವು ಬುಕ್ಕಿಗಳಿಗೆ ಪುಕ್ಕಟೆಯಾಗಿ ಸಿಗುತ್ತದೆ. ಸಾಲ ಬೆಳೆದರೆ ಸಾಲ ಕೊಟ್ಟವರ ಮಾತು ಕೇಳಬೇಕಾಗುತ್ತದೆ. ಇವು ಮೂರೂ ಸೇರಿದರೆ ಮೈದಾನದಲ್ಲಿ ನಡೆಯುವ ಯಾವುದನ್ನೂ ಪ್ರೇಕ್ಷಕ ನಂಬಲಾರ. ನಮಗೆ ಇದು ಅರ್ಥವಾಗದ ವಿಷಯವಲ್ಲ. 2000ದ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೆಸ್ಟ್ ಗೆದ್ದು ಕೈಬೀಸಿ ಹೋದ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ, ಮರುತಿಂಗಳೇ ದೆಹಲಿ ಪೊಲೀಸರ ಪ್ರಕರಣದಲ್ಲಿ ಸಿಕ್ಕಿಬಿದ್ದದ್ದು, ಎರಡು ವರ್ಷದ ಬಳಿಕ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು ಅಪ್ಪನ ಪೀಳಿಗೆಗೆ ಇನ್ನೂ ಮಾಸದ ನೆನಪು. ಬುಕ್ಕಿಗಳಿಂದ ಹಣ ಪಡೆದ ಕ್ರೋನಿಯೆ ಹಾಗೂ ತನ್ನ ಹಣವನ್ನೇ ಬುಕ್ಕಿಗಳಿಗೆ ಸುರಿದ ರೋಸ್ ಅವರ ತಪ್ಪುಗಳು ಒಂದೇ ಅಲ್ಲ. ಆದರೆ ಸತ್ತವರನ್ನು ನೆನೆಯುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಒಂದೇ.

ರೋಸ್ ಅವರ ವಿಷಯದಲ್ಲಿ ನನಗೆ ಬಾಜಿಗಿಂತ ಹೆಚ್ಚು ನೋವುಂಟುಮಾಡಿದ್ದು ಸುಳ್ಳು. ಸುಮಾರು ಹದಿನೈದು ವರ್ಷ ಅವರು ತಾವು ಬೇಸ್‌ಬಾಲ್ ಮೇಲೆ ಬಾಜಿ ಕಟ್ಟಿಯೇ ಇಲ್ಲವೆಂದರು. ತಮ್ಮನ್ನು ನಂಬಿ ವಾದಿಸಿದ ಅಭಿಮಾನಿಗಳ ಎದುರಿನಲ್ಲಿಯೂ ಹಾಗೆಯೇ ಹೇಳಿದರು. 2004ರಲ್ಲಿ ಒಪ್ಪಿಕೊಂಡಾಗಲೂ ಮ್ಯಾನೇಜರ್ ಆಗಿದ್ದಾಗ ಮಾತ್ರ ಎಂದರು. ಆಟಗಾರನಾಗಿದ್ದ 1986ರಲ್ಲೂ ಕಟ್ಟಿದ್ದರೆಂಬುದಕ್ಕೆ 2015ರಲ್ಲಿ ದಾಖಲೆಗಳು ಬಯಲಾದವು. ನಂತರದ ವರ್ಷಗಳಲ್ಲಿ ಬೇಸ್‌ಬಾಲ್ ಮೇಲೆ ಬಾಜಿ ಕಟ್ಟಿದ್ದಕ್ಕೆ ಕ್ಷಮೆ ಇರಲಿ ಎಂಬ ಒಕ್ಕಣೆ ಬರೆದು, ಸಹಿ ಹಾಕಿ, ಅವರೇ ಚೆಂಡುಗಳನ್ನು ಮಾರಿದರು. "ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಉಂಡರು, ಸರಿ. ಬಡಿಸಿದವರು ಅಳತೆ ನೋಡಿ ಬಡಿಸಿದರಾ?" ಎಂದು ಅಪ್ಪ ಕೇಳಿದರು. ಆ ಪ್ರಶ್ನೆಯಲ್ಲಿ ಹುರುಳಿದೆ. ಓಹಾಯೋ ರಾಜ್ಯದಲ್ಲಿ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧವಾದ 2023ರ ಜನವರಿ 1ರಂದು, ಸಿನ್ಸಿನಾಟಿಯ ಒಂದು ಕ್ಯಾಸಿನೊದಲ್ಲಿ ಮೊದಲ ಬಾಜಿ ಕಟ್ಟಲು ಕರೆಸಿದ್ದು ರೋಸ್ ಅವರನ್ನೇ. ರೆಡ್ಸ್ ವರ್ಲ್ಡ್ ಸೀರೀಸ್ ಗೆಲ್ಲುತ್ತದೆಂದು ಅವರು ಕಟ್ಟಿದರು. ಆಗಲೂ ಅವರು ಬಹಿಷ್ಕೃತರೇ.

ಬೇಸ್‌ಬಾಲ್ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 2025ರ ಮೇ 13ರಂದು, ಬದುಕಿಲ್ಲದವರಿಂದ ಆಟದ ಪ್ರಾಮಾಣಿಕತೆಗೆ ಅಪಾಯವಿರಲಾರದು ಎಂಬ ಕಾರಣ ನೀಡಿ, ತೀರಿಹೋದವರ ಹೆಸರುಗಳನ್ನು ನಿಷೇಧದ ಪಟ್ಟಿಯಿಂದ ತೆಗೆದರು. 1919ರ ಹಗರಣದ ಜೋ ಜಾಕ್ಸನ್ ಹಾಗೂ ಪೀಟ್ ರೋಸ್ ಒಂದೇ ದಿನ ಆ ಪಟ್ಟಿಯಿಂದ ಹೊರಬಂದರು. ಕೂಪರ್ಸ್‌ಟೌನ್‌ನ ಸಂಬಂಧಪಟ್ಟ ಸಮಿತಿ ಅವರ ಹೆಸರನ್ನು ಪರಿಗಣಿಸಬಹುದಾದದ್ದು 2027ರ ಡಿಸೆಂಬರ್‌ನಲ್ಲಿ. ನನ್ನ ಅಭಿಪ್ರಾಯ ಕೇಳುವುದಾದರೆ, 1989ರ ನಿಷೇಧ ನ್ಯಾಯವಾದದ್ದೇ. ತಂಡದ ಹೊಣೆ ಹೊತ್ತವನನ್ನು ಮತ್ತೆ ಆ ಸ್ಥಾನಕ್ಕೆ ಬಿಟ್ಟುಕೊಳ್ಳದಿದ್ದುದು ಸರಿ. ಆದರೆ ಕೂಪರ್ಸ್‌ಟೌನ್‌ನಲ್ಲಿ ಅವರ ಫಲಕ ಇರಬೇಕು. ಹಿಟ್‌ಗಳ ಸಂಖ್ಯೆಯ ಕೆಳಗೇ, ಅದೇ ಗಾತ್ರದ ಅಕ್ಷರಗಳಲ್ಲಿ, ನಿಷೇಧದ ವರ್ಷವನ್ನೂ ಕಾರಣವನ್ನೂ ಕೆತ್ತಿದ ಫಲಕವಿರಬೇಕು.

ಹೀಗೆ ಹೇಳುವಾಗಲೂ ನನ್ನ ಮಾತು ತಡವರಿಸುವ ಒಂದು ಕಡೆಯಿದೆ. 1970ರ ದಶಕದಲ್ಲಿ ತನಗೆ ಹದಿನಾರು ತುಂಬುವ ಮೊದಲೇ ರೋಸ್ ತನ್ನೊಡನೆ ಲೈಂಗಿಕ ಸಂಬಂಧ ಹೊಂದಿದ್ದರೆಂದು ಮಹಿಳೆಯೊಬ್ಬರು ಕೊಟ್ಟ ಪ್ರಮಾಣೀಕೃತ ಹೇಳಿಕೆ 2017ರಲ್ಲಿ ನ್ಯಾಯಾಲಯದ ದಾಖಲೆಗಳಲ್ಲಿ ಹೊರಬಂತು. ಅವಳಿಗೆ ಆಗ ಹದಿನಾರಾಗಿತ್ತೆಂದು ತಾನು ತಿಳಿದಿದ್ದುದಾಗಿ, ಮೂವತ್ತು ದಾಟಿದ್ದ, ಮಕ್ಕಳ ತಂದೆಯಾಗಿದ್ದ ರೋಸ್ ಹೇಳಿದರು. ಮೊಕದ್ದಮೆ ನಡೆಯಲಿಲ್ಲ. 1980ರಲ್ಲಿ ಅವರು ಜೊತೆಗಿದ್ದು ಗೆಲ್ಲಿಸಿದ ಫಿಲಡೆಲ್ಫಿಯಾ ತಂಡ ಅವರಿಗಾಗಿ ಗೊತ್ತುಮಾಡಿದ್ದ ಗೌರವ ಸಮಾರಂಭವನ್ನು ರದ್ದುಮಾಡಿತು. 2022ರಲ್ಲಿ ಅದೇ ಊರಿನಲ್ಲಿ ಒಬ್ಬ ಪತ್ರಕರ್ತೆ ಈ ಬಗ್ಗೆ ಕೇಳಿದಾಗ, ಅದು ಐವತ್ತೈದು ವರ್ಷದ ಹಿಂದಿನ ಮಾತೆಂದು ಹಗುರವಾಗಿ ತಳ್ಳಿಹಾಕಿದರು. ಬಾಜಿಯ ಬಗ್ಗೆ ಮಗಳಿಗೆ ವಿವರಿಸಬಲ್ಲೆ, ಫಾಸಿ ಅವರ ಭುಜದ ಬಗ್ಗೆಯೂ ವಿವರಿಸಬಲ್ಲೆ. ಇದನ್ನು ಹನ್ನೆರಡು ವರ್ಷದ ಹುಡುಗಿಗೆ ಆ ಪ್ರತಿಮೆಯ ನೆರಳಿನಲ್ಲಿ ಹೇಳಲು ನನಗಾಗಲಿಲ್ಲ. ಮನೆಗೆ ಬಂದ ಮೇಲೆ, ಕೆಲವು ದಿನ ಬಿಟ್ಟು, ಅವಳಿಗೆ ತಿಳಿಯುವ ಮಾತುಗಳಲ್ಲಿ ಹೇಳಿದೆ. ಬೇಸ್‌ಬಾಲ್ ಲೋಕ ಮೂವತ್ತೈದು ವರ್ಷ ಬಾಜಿಯನ್ನೇ ದೊಡ್ಡ ಪಾಪವೆಂದು ಚರ್ಚಿಸಿತು. ಹೆಣ್ಣುಮಗುವಿನ ತಂದೆತಾಯಿಯಾದವರ ತಕ್ಕಡಿ ಬೇರೆ ಕಡೆ ವಾಲುತ್ತದೆ. ರೋಸ್ ಅವರನ್ನು ನೆನೆಯುವವರು ಇದನ್ನು ಬಿಟ್ಟು ನೆನೆಯಬಾರದು.

ಆದರೂ ಊರಿನ ಪ್ರೀತಿ ಸುಳ್ಳಲ್ಲ. 2024ರ ನವೆಂಬರ್ 10ರಂದು ಈ ಕ್ರೀಡಾಂಗಣದಲ್ಲಿ ಸಾರ್ವಜನಿಕರ ಶ್ರದ್ಧಾಂಜಲಿಗೆಂದು ಬಾಗಿಲು ತೆರೆದಿಟ್ಟದ್ದು ಸರಿಯಾಗಿ 14 ಗಂಟೆ, ಅವರ ಅಂಗಿಯ ಸಂಖ್ಯೆಯಷ್ಟು. ಕಿಟಕಿಯ ಬಳಿ ಸಿಕ್ಕ ಆ ವೃದ್ಧರು ಅಂದೂ ಬಂದಿದ್ದರಂತೆ. ರೋಸ್ ಮಾಡಿದ್ದೆಲ್ಲ ಒಪ್ಪಿಗೆಯೇ ಎಂದು ನಾನು ಕೇಳಿದೆ. ಅವರು ತಲೆಯಲ್ಲಾಡಿಸಿ, ಇಲ್ಲವೆಂದರು. ತಮ್ಮ ತಂದೆಯ ಜೊತೆ ಕೂತು ನೋಡಿದ ಆಟ ಅದು, ತಂದೆಯನ್ನು ನೆನೆಯದೆ ರೋಸ್ ಅವರನ್ನು ನೆನೆಯಲು ತಮಗೆ ಬರುವುದಿಲ್ಲ ಎಂದರು.

ಹೋಗಬಯಸುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ರೋಸ್ ತೀರಿಕೊಂಡ ಮೇಲೆ ಅವರ ಸಹಿಯಿರುವ ಚೆಂಡು, ಚಿತ್ರ, ಅಂಗಿಗಳ ಮಾರಾಟ ಎಲ್ಲೆಡೆ ನಡೆದಿದೆ. ಬೇರೊಂದು ಊರಿನ ಅಂಗಡಿಯೊಂದರಲ್ಲಿ ಅಪ್ಪನಿಗೆಂದು ಅಂಥ ಚೆಂಡೊಂದನ್ನು ಕೇಳಿದ್ದೆ. ಸಹಿ ಅಸಲಿಯೆಂಬುದಕ್ಕೆ ಪತ್ರ ಎಲ್ಲಿ ಎಂದರೆ ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆ ಎಂದರು, ಬೆಲೆ ಮಾತ್ರ ಆಗಲೇ ಪೂರ್ತಿ ಕೊಡಬೇಕಿತ್ತು. ಕೊಳ್ಳದೆ ಬಂದೆ. ಸಹಿ ಬೇಕೇ ಬೇಕೆನ್ನುವವರು ಹೊಲೊಗ್ರಾಮ್ ಸಂಖ್ಯೆಯಿರುವ ಪ್ರಮಾಣಪತ್ರವನ್ನು ಕಣ್ಣಾರೆ ನೋಡಿ, ಆ ಸಂಖ್ಯೆಯನ್ನು ಪರಿಶೀಲಿಸಿ, ಆಮೇಲೆ ಹಣ ಕೊಡಿ. ನಾವು ಕೊನೆಗೆ ಮ್ಯೂಸಿಯಂ ಪಕ್ಕದಲ್ಲಿಯೇ ಇರುವ ತಂಡದ ಅಂಗಡಿಯಲ್ಲಿ ಸಹಿಯಿಲ್ಲದ ಒಂದು ಚೆಂಡು ಕೊಂಡೆವು. ಅಪ್ಪ ಅದನ್ನು ಭದ್ರಾವತಿಗೆ ಒಯ್ದಿದ್ದಾರೆ. ಸ್ನೇಹಿತರಿಗೆ ಹೊಲಿಗೆ ಎಣಿಸಿ ತೋರಿಸುತ್ತಾರಂತೆ.

ಮ್ಯೂಸಿಯಂಗೆ ಹೋಗುವುದಾದರೆ ಪಂದ್ಯವಿಲ್ಲದ ದಿನ ಬೆಳಿಗ್ಗೆಯೇ ಹೋಗುವುದು ಮೇಲು. ಪಂದ್ಯದ ದಿನ ಕಾರು ನಿಲ್ಲಿಸಲು ದುಡ್ಡೂ ಹೆಚ್ಚು, ಮೆಟ್ಟಿಲುಗಳ ಮೇಲೆ ನಿಲ್ಲಲು ಜಾಗವೂ ಕಡಿಮೆ. ಎರಡು ಗಂಟೆ ಸಾಲದು, ಮೂರು ಬೇಕು. ಆಟದ ಗಂಧವಿಲ್ಲದವರು ಜೊತೆಗಿದ್ದರೆ ಹಿಟ್, ವಾಕ್, ಬೇಸ್ ಎಂದರೇನೆಂದು ಕಾರಿನಲ್ಲೇ ಹೇಳಿಟ್ಟುಕೊಳ್ಳಿ. ನಮ್ಮಲ್ಲಿ ಆ ಕೆಲಸವನ್ನು ಮಗಳು ಚೆನ್ನಾಗಿ ಮಾಡಿದಳು. ಕಿಟಕಿಯಾಚೆಯ ತೋಟದ ಗುಲಾಬಿಗಳನ್ನು ಅರಳಿದಂತೆ ನೋಡಬೇಕೆಂದರೆ ಜೂನ್, ಜುಲೈ ತಿಂಗಳುಗಳಲ್ಲಿ ಹೋಗಿ. ಮೊಣಕಾಲು ನೋವಿನ ಹಿರಿಯರಿಗೆ ಲಿಫ್ಟ್ ಇದೆ. ಆದರೆ ಸಾಧ್ಯವಿದ್ದವರು ಚೆಂಡಿನ ಗೋಡೆಯನ್ನು ಮೇಲಿನಿಂದ ಇಳಿಯುತ್ತ ನೋಡದೆ, ಕೆಳಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತ ನೋಡಬೇಕು. ಎಪ್ಪತ್ತೆರಡು ವರ್ಷದ ಅಪ್ಪ ಎರಡು ಕಡೆ ನಿಂತು ಉಸಿರು ಸುಧಾರಿಸಿಕೊಂಡು ಹತ್ತಿದರು, ಲಿಫ್ಟ್ ಬೇಡವೆಂದರು.